ಕರಣೆ ಯಾವಾಗ ಕೈಗೆ ಬರುತ್ತದೆ? ಕಟ್ಟಡದ ಕಸುಬಿಗೆ ಬರುವ ಹೆಣ್ಣುಮಕ್ಕಳಿಗೆ ಒಂದು ಹೋಲಿಕೆ

ಬೆಳಿಗ್ಗೆ ಏಳೂವರೆಗೆ ದಾವಣಗೆರೆಯಲ್ಲಿ ಕೂಲಿಯವರು ನಿಲ್ಲುವ ಯಾವುದೇ ಸರ್ಕಲ್‌ಗೆ ಹೋಗಿ ನೋಡಿ. ಗಂಡಸರಷ್ಟೇ ಹೆಣ್ಣುಮಕ್ಕಳೂ ಇರುತ್ತಾರೆ. ಸೀರೆ ಮೇಲೆ ಗಂಡಸರ ಅಂಗಿ, ತಲೆಗೆ ಟವೆಲ್ಲು, ಕೈಯಲ್ಲಿ ಬುತ್ತಿ ಚೀಲ. ಹಾಗಾಗಿ "ಹೆಂಗಸರಿಗೆ ಕಟ್ಟಡ ಕೆಲಸ ಆಗುತ್ತದಾ?" ಅಂತ ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹೆಂಗಸರು ಇಟ್ಟಿಗೆ ಹೊರದೆ, ಸಿಮೆಂಟ್ ಮಾಲು ಕಲಸದೆ ನಮ್ಮೂರಲ್ಲಿ ಯಾವ ಮನೆ ಎದ್ದಿದೆ ಹೇಳಿ? ಆಗುತ್ತದೆ ಅನ್ನೋದು ಎಂದೋ ಗೊತ್ತಾಗಿದೆ. ಇಪ್ಪತ್ತು ವರ್ಷ ಮಾಲಿನ ಬಾಂಡ್ಲಿ ಹೊತ್ತವಳ ಕೈಗೆ ಆ ಮಾಲು ಮೆತ್ತುವ ಕರಣೆ ಯಾಕೆ ಬರಲಿಲ್ಲ, ಅದನ್ನು ಕೇಳಬೇಕು.

ನಾನು ಒಂಬತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡಿದವಳು. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರ ತನಕ ನಿಂತೇ ಇರಬೇಕು. ಬಿಡುವಾಗ ನನ್ನ ಪಗಾರ 9,000. ಮೂವತ್ತಾರನೇ ವಯಸ್ಸಿಗೆ ಪೇಂಟಿಂಗ್ ಕೆಲಸಕ್ಕೆ ಬಂದೆ. ಎರಡು ವರ್ಷ ಆದಮೇಲೆ ಟೈಲ್ಸ್ ಹಿಡಿದೆ. ಈಗ ಅದರಲ್ಲೇ ನಾಲ್ಕು ವರ್ಷ. ಈಗೀಗ ಆಗಾಗ ಫೋನ್ ಬರುತ್ತವೆ. ಗಾರ್ಮೆಂಟ್ಸ್ ಬಿಡಬೇಕು ಅಂತಿರುವವರು, ಮಂಡಕ್ಕಿ ಭಟ್ಟಿಯ ಹೊಗೆ ಸಾಕಾದವರು, ಖಾಸಗಿ ಶಾಲೆಯಲ್ಲಿ ವರ್ಷಕ್ಕೆ ಹತ್ತೇ ತಿಂಗಳ ಸಂಬಳಕ್ಕೆ ಪಾಠ ಮಾಡುವವರು. ಎಲ್ಲರದ್ದೂ ಒಂದೇ ಪ್ರಶ್ನೆ: "ಅಕ್ಕಾ, ಯಾವ ಕೆಲಸಕ್ಕೆ ಸೇರಲಿ?"

ಒಂದೊಂದು ಸಲ ಒಂದೊಂದು ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಏನು ನೋಡಿ ಆರಿಸಬೇಕು?

ಬಹಳ ಜನ ಮೊದಲು ಕೂಲಿ ಎಷ್ಟು ಅಂತ ಕೇಳುತ್ತಾರೆ. ತಪ್ಪಲ್ಲ. ಆದರೆ ನಾನು ಮೊದಲು ನೋಡುವುದು ಬೇರೆ. ಸೇರಿದ ಎಷ್ಟನೇ ದಿನಕ್ಕೆ ಆ ಕಸುಬಿನ ಸಾಮಾನು ನಿಮ್ಮ ಕೈಗೆ ಬರುತ್ತದೆ? ಪೇಂಟಿಂಗ್‌ನಲ್ಲಿ ವಾರದೊಳಗೆ ಪುಟ್ಟಿ ಬ್ಲೇಡು, ಅಂದರೆ ಗೋಡೆ ನುಣ್ಣಗಾಗಲು ಪುಟ್ಟಿ ಬಳಿಯುವ ಸಾಮಾನು, ಬರಬಹುದು. ಗಾರೆ ಕೆಲಸದಲ್ಲಿ ಕರಣೆ ಬರದೆಯೇ ವಯಸ್ಸಾದವರಿದ್ದಾರೆ. ಸಾಮಾನು ಕೈಗೆ ಬಾರದ ತನಕ ನೀವು ಹೆಣ್ಣಾಳು. ಬಂದ ಮೇಲೆ ಕಸುಬುದಾರಳು. ಕೂಲಿ ಏರುವುದು ಅಲ್ಲಿಂದಲೇ.

ಎರಡನೆಯದು, ಬಾಗಿಲು ಹಾಕಿಕೊಳ್ಳುವ ಒಂದು ಶೌಚಾಲಯ ಇದೆಯಾ? ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಆದರೆ ಕೆಲಸ ಬಿಟ್ಟು ಹೋಗುವವರಲ್ಲಿ ಬಹಳ ಜನ ಇದಕ್ಕೇ ಹೋಗುತ್ತಾರೆ. ಬೆಳಿಗ್ಗೆಯಿಂದ ಸಂಜೆ ತನಕ ನೀರು ಕುಡಿಯದೆ ಕೆಲಸ ಮಾಡಿ ಉರಿಮೂತ್ರ ಮಾಡಿಕೊಂಡವರನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ. ಪಾಯ, ಗೋಡೆ, ಮೋಲ್ಡ್ (ತಾರಸಿ) ನಡೆಯುವಾಗ ಸುತ್ತ ಬಯಲು. ಟೈಲ್ಸ್, ವೈರಿಂಗ್, ಪ್ಲಂಬಿಂಗ್, ಪೇಂಟಿಂಗ್ ನಡೆಯುವ ಹೊತ್ತಿಗೆ ಗೋಡೆ ಎದ್ದಿರುತ್ತದೆ, ನೀರು ಬಂದಿರುತ್ತದೆ. ಎಷ್ಟೋ ಕಡೆ ಒಂದು ಬಾತ್‌ರೂಮಿಗಾದರೂ ಬಾಗಿಲು ಕೂತಿರುತ್ತದೆ. ಇದು ಸಣ್ಣ ವ್ಯತ್ಯಾಸ ಅಲ್ಲ.

ಮೂರನೆಯದು, ದುಡ್ಡು ದಿನದ ಲೆಕ್ಕವೋ ಚದರಡಿಯ ಲೆಕ್ಕವೋ? ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಅಂತ 1976ರಲ್ಲೇ ಕಾನೂನು ಬಂತು. ಆದರೂ ಶನಿವಾರ ಬಟವಾಡೆ ಮಾಡುವಾಗ "ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು" ಅಂತ ಎರಡು ರೇಟು ಇರುತ್ತದೆ. ಚದರಡಿಗೆ ಮಾತಾಡಿಕೊಂಡ ಕೆಲಸದಲ್ಲಿ ಇದು ನಡೆಯುವುದಿಲ್ಲ. ಟೇಪು ಹಿಡಿದು ಅಳೆದಾಗ ನೂರು ಚದರಡಿ ಅಂದರೆ ನೂರೇ, ಯಾರು ಹಾಕಿದರೂ.

ಗಾರೆ ಕೆಲಸ

ಇದರ ಬಗ್ಗೆ ನನಗೆ ತುಂಬಾ ಗೌರವ ಇದೆ. ಹೊಸಬರಿಗೆ ಮಾತ್ರ ಹೇಳುವುದಿಲ್ಲ.

ನಮ್ಮ ಕಡೆ ಗೌಂಡಿ ಗಂಡ, ಆಳು ಹೆಂಡತಿ, ಹೀಗೆ ಜೋಡಿಯಾಗಿ ಹೋಗುವವರು ಜಾಸ್ತಿ. ಕಲಸುವವಳು ಅವಳು. ಒಂಬತ್ತು ಇಂಚಿನ ಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, ಪ್ಲಾಸ್ಟರ್‌ಗೆ ಒಂದಕ್ಕೆ ನಾಲ್ಕು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಲಿಕೆ ಎಳೆಯುವಾಗಲೇ ನೀರು ಜಾಸ್ತಿ ಆಯ್ತೋ ಕಡಿಮೆಯೋ ಗೊತ್ತಾಗುತ್ತದೆ. ಕಟ್ಟಿದ ಗೋಡೆಗೆ ಏಳು ದಿನ ಮರೆಯದೆ ನೀರು ಹೊಡೆಯುವವಳೂ ಅವಳೇ. ಕಸುಬಿನ ಅರ್ಧ ಭಾಗ ಅವಳ ಕೈಯಲ್ಲೇ ಇದೆ. ಉಳಿದಿದ್ದು ದಾರ ಕಟ್ಟುವುದು, ತೂಗುಗುಂಡು ಬಿಟ್ಟು ನೇರ ನೋಡುವುದು, ಇಟ್ಟಿಗೆ ಕೂರಿಸುವುದು. ಆದರೆ ಆ ಅರ್ಧವನ್ನು ಬಿಟ್ಟುಕೊಡಲು ಗ್ಯಾಂಗು ಒಪ್ಪುವುದಿಲ್ಲ. ಅವಳಿಗೆ ಕರಣೆ ಕೊಟ್ಟರೆ ಬಾಂಡ್ಲಿಗೆ ಇನ್ನೊಂದು ಆಳು ಹುಡುಕಬೇಕಲ್ವಾ?

ಜಾರ್ಖಂಡ್‌ನಲ್ಲಿ ಸ್ವಚ್ಛ ಭಾರತದ ಶೌಚಾಲಯ ಕಟ್ಟುವಾಗ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟರು. ಅಲ್ಲಿ ಗೌಂಡಿಗೆ ರಾಜಮಿಸ್ತ್ರಿ ಅನ್ನುತ್ತಾರೆ. ಈ ಹೆಂಗಸರಿಗೆ ರಾಣಿ ಮಿಸ್ತ್ರಿ ಅಂತ ಹೆಸರು ಬಂತು. ಕೇರಳದಲ್ಲಿ ಹೆಂಗಸರ ಸ್ವಸಹಾಯ ಸಂಘಗಳ ಯೋಜನೆಯಾದ ಕುಟುಂಬಶ್ರೀಯಲ್ಲಿ ಹೆಂಗಸರದ್ದೇ ಮನೆ ಕಟ್ಟುವ ಗುಂಪುಗಳಿವೆ. ಎರಡು ಕಡೆಯೂ ಅವರು ಗಂಡಸರ ಗ್ಯಾಂಗಿನೊಳಗೆ ಕಾಯುತ್ತಾ ನಿಲ್ಲಲಿಲ್ಲ. ತಮ್ಮದೇ ಗುಂಪು ಮಾಡಿಕೊಂಡರು. ನಮ್ಮಲ್ಲೂ ಹೆಂಗಸರ ಸಂಘಗಳು ಓಣಿ ಓಣಿಗೆ ಇವೆ. ನಾಲ್ಕು ಜನ ಹಳೇ ಹೆಣ್ಣಾಳುಗಳು ಸೇರಿ ಒಂದು ಕಾಂಪೌಂಡ್ ಗೋಡೆ ಗುತ್ತಿಗೆ ಹಿಡಿದರೆ ಅಲ್ಲಿಂದ ದಾರಿ ತೆರೆಯುತ್ತದೆ.

ಅದಕ್ಕೇ ನನ್ನ ಮಾತು ಇಷ್ಟು. ಈಗಾಗಲೇ ಹತ್ತು ವರ್ಷದಿಂದ ಗಾರೆ ಕೆಲಸಕ್ಕೆ ಹೋಗುತ್ತಿದ್ದರೆ ಕಸುಬು ಬದಲಿಸಬೇಡಿ, ಸಾಮಾನು ಬದಲಿಸಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗಾರೆ ಕೆಲಸವೂ ಇದೆ. ತರಬೇತಿ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಾಮಾನು ಕೊಳ್ಳಲು 15,000 ತನಕ ನೆರವು, ಆಮೇಲೆ ಕಡಿಮೆ ಬಡ್ಡಿಯ ಸಾಲ. ಆದರೆ ಮನೆಗೆ ಒಬ್ಬರಿಗೆ ಮಾತ್ರ. ಗೌಂಡಿ ಮನೆಯಲ್ಲಿ ಆ ಒಂದು ಹೆಸರು ಯಾರದ್ದು ಬರೆಸುತ್ತಾರೆ ಅಂತ ನಿಮಗೇ ಗೊತ್ತು. ಗಂಡನ ಹತ್ತಿರ ಕರಣೆ ಆಗಲೇ ಇದೆ. ನಿಮ್ಮ ಹೆಸರು ಬರೆಸಿ ಅಂತ ಕೇಳಿ, ನಾಚಿಕೊಳ್ಳಬೇಡಿ.

ಹೊರಗಿನಿಂದ ಬರುವವರು, ಅಂದರೆ ಅಂಗಡಿ, ಶಾಲೆ, ಹೊಲಿಗೆ ಬಿಟ್ಟು ಬರುವವರು, ಇಲ್ಲಿಂದ ಶುರು ಮಾಡಬೇಡಿ. 50 ಕೆಜಿಯ ಸಿಮೆಂಟ್ ಚೀಲ, ಬಿಸಿಲು, ಬಯಲು, ಅದರ ಮೇಲೆ ಕರಣೆ ಯಾವತ್ತು ಅಂತ ಗೊತ್ತಿಲ್ಲದ ಕಾಯುವಿಕೆ. ಮೂರು ತಿಂಗಳಲ್ಲಿ ಮನಸ್ಸು ಮುರಿಯುತ್ತದೆ.

ಪೇಂಟಿಂಗ್

ಬಾಗಿಲು ಬೇಗ ತೆರೆಯುವುದು ಇಲ್ಲಿ. ನಾನು ಸೇರಿದ ಮೊದಲ ದಿನವೇ ಮೇಸ್ತ್ರಿ ಕೈಗೆ ಉಪ್ಪುಕಾಗದ ಕೊಟ್ಟರು. "ಗೋಡೆ ಉಜ್ಜಮ್ಮ, ಕೆನ್ನೆ ಥರ ಆಗಬೇಕು" ಅಂದರು. ಐದನೇ ದಿನಕ್ಕೆ ಪುಟ್ಟಿ ಬ್ಲೇಡು ಬಂತು. ಸಾಮಾನಿಗೆ ಹೆಚ್ಚು ದುಡ್ಡು ಬೇಡ. ಎರಡು ಬ್ಲೇಡು, ಒಂದು ರೋಲರ್, ಮೂರು ಅಳತೆಯ ಬ್ರಷ್ ಇದ್ದರೆ ಕೆಲಸ ನಡೆಯುತ್ತದೆ.

ಕಲಿಯುವುದು ಸುಲಭ ಅಂತ ಅಂದುಕೊಳ್ಳಬೇಡಿ. ಹಗಲು ಬೆಳಕಲ್ಲಿ ಗೋಡೆ ಕನ್ನಡಿಯ ಹಾಗೆ ಕಾಣುತ್ತದೆ. ಸಂಜೆ ಮೇಸ್ತ್ರಿ ಒಂದು ಬಲ್ಬು ತಂದು ಗೋಡೆಗೆ ಒತ್ತಿ ಪಕ್ಕದಿಂದ ಹಿಡಿಯುತ್ತಾರೆ. ಆಗ ನೋಡಬೇಕು, ಬ್ಲೇಡು ನಿಂತಲ್ಲೆಲ್ಲ ಗೆರೆ, ಕೈ ಒತ್ತಿದಲ್ಲೆಲ್ಲ ತಗ್ಗು. ಹೊಲ ಉತ್ತ ಹಾಗೆ ಕಾಣುತ್ತದೆ. ನನ್ನ ಮೊದಲ ಗೋಡೆಯನ್ನು ಮೂರು ಸಲ ಉಜ್ಜಿಸಿದರು. ಈಗಲೂ ನಾನು ಯಾರ ಮನೆಗೆ ಹೋದರೂ ಟ್ಯೂಬ್‌ಲೈಟಿನ ಕೆಳಗಿನ ಗೋಡೆ ನೋಡುತ್ತೇನೆ.

ಇಲ್ಲಿ ನಮಗೆ ಒಂದು ಅನುಕೂಲ ಇದೆ. ಹಗಲು ಹೊತ್ತು ಮನೆಯಲ್ಲಿ ಇರುವುದು ಹೆಂಗಸರು. ಜನ ವಾಸ ಇರುವ ಮನೆಗೆ ಬಣ್ಣ ಹೊಡೆಯುವಾಗ ಬೆಡ್‌ರೂಮು, ಅಡಿಗೆಮನೆ, ದೇವರಮನೆ ಎಲ್ಲ ಒಳಗೆ ಹೋಗಬೇಕು. ಹೆಂಗಸರ ಗುಂಪು ಬಂದರೆ ಅವರಿಗೆ ನೆಮ್ಮದಿ. ವಿದ್ಯಾನಗರ, ಎಂಸಿಸಿ ಬ್ಲಾಕ್ ಕಡೆ ನನಗೆ ಮೊದಲ ಸ್ವಂತ ಕೆಲಸಗಳು ಸಿಕ್ಕಿದ್ದು ಹೀಗೆ. ಒಬ್ಬರು ಇನ್ನೊಬ್ಬರಿಗೆ ಹೇಳಿದರು, ಅಷ್ಟೇ.

ಕಷ್ಟಗಳನ್ನೂ ಹೇಳಬೇಕು. ಭುಜ, ಕತ್ತು ನೋಯುತ್ತವೆ, ಅದರಲ್ಲೂ ಸೀಲಿಂಗ್ ಉಜ್ಜುವಾಗ. ಪುಟ್ಟಿ ಧೂಳು ಮೂಗಿಗೆ, ಎದೆಗೆ ಹೋಗುತ್ತದೆ. ಮಾಸ್ಕ್ ಇಲ್ಲದೆ ಉಜ್ಜಲೇಬೇಡಿ, ಸೀರೆ ಸೆರಗು ಮಾಸ್ಕ್ ಆಗುವುದಿಲ್ಲ. ಹಳೇ ಮನೆಗಳ ಕಿಟಕಿ ಬಾಗಿಲಿನ ಆಯಿಲ್ ಪೇಂಟ್ ಇನ್ನೂ ಕೆಟ್ಟದ್ದು. ಅದರಲ್ಲಿ ಸೀಸ ಇರಬಹುದು. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದು ಎನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಿಂದ. ಅದಕ್ಕಿಂತ ಹಿಂದಿನ ಬಣ್ಣವನ್ನು ನೀರು ಹಾಕಿ ಒದ್ದೆ ಮಾಡಿಯೇ ಉಜ್ಜಿ. ಬಸುರಿ, ಬಾಣಂತಿಯರು ಆ ಕೆಲಸದ ಹತ್ತಿರವೂ ಹೋಗಬೇಡಿ. ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುವ ಮೊದಲು ಬಟ್ಟೆ ಬದಲಿಸಿ.

ಇನ್ನೊಂದು, ಇದು ಸೀಸನ್ ಕೆಲಸ. ಯುಗಾದಿ, ದಸರಾ, ದೀಪಾವಳಿ ಮುಂಚೆ ಉಸಿರಾಡಲು ಬಿಡುವಿಲ್ಲ. ಮಳೆಗಾಲದಲ್ಲಿ ಹೊರಗಿನ ಗೋಡೆ ಕೆಲಸ ನಿಂತೇ ಹೋಗುತ್ತದೆ. ಬಾಗಿಲು ಸುಲಭಕ್ಕೆ ತೆರೆಯುವುದರಿಂದ ಒಳಗೆ ಜನವೂ ಜಾಸ್ತಿ, ರೇಟು ಮುರಿಯುವವರೂ ಜಾಸ್ತಿ.

ಟೈಲ್ಸ್

ನಾನು ಇಲ್ಲೇ ನಿಂತೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪೇಂಟಿಂಗ್ ಮಾಡುವಾಗ ಪಕ್ಕದ ರೂಮಿನಲ್ಲಿ ಟೈಲ್ಸ್ ಹಾಕುತ್ತಿದ್ದರು. ಊಟದ ಹೊತ್ತಿಗೆ ಹೋಗಿ ನೋಡುತ್ತಾ ಕೂರುತ್ತಿದ್ದೆ. ದಾರ ಕಟ್ಟುತ್ತಾರೆ, ಮೂಲೆಮಟ್ಟ ಇಟ್ಟು ಮೂಲೆ ನೋಡುತ್ತಾರೆ, ಒಂದು ಟೈಲ್ ಕೂರಿಸಿ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾರೆ, ಸಮ ಇದೆಯಾ ಅಂತ ರಸಮಟ್ಟ ಇಡುತ್ತಾರೆ. ಅದರೊಳಗಿನ ಗುಳ್ಳೆ ನಡುವೆ ಬರುವ ತನಕ ತಟ್ಟುತ್ತಾರೆ. ಇದು ನನ್ನ ಕೆಲಸ ಅನ್ನಿಸಿತು. ಅಂಗಡಿಯಲ್ಲಿ ಸೀರೆ ಮಡಿಸಿ ಅಂಚಿಗೆ ಅಂಚು ಕೂರಿಸಿದ ಕೈ ಅದು. ಹೊಲಿಗೆ ಕಲಿತವರಿಗೂ ಇದು ಬೇಗ ಹತ್ತುತ್ತದೆ. ಬಟ್ಟೆ ಕತ್ತರಿಸುವ ಮೊದಲು ವೇಸ್ಟ್ ಎಷ್ಟು ಹೋಗುತ್ತದೆ ಅಂತ ಲೆಕ್ಕ ಹಾಕುವವರಿಗೆ ಟೈಲ್ಸ್ ತುಂಡು ಎಲ್ಲಿ ಬರಬೇಕು ಅನ್ನುವುದು ಹೇಳಿಕೊಡಬೇಕಿಲ್ಲ. ಬಾಗಿಲಿಗೆ ಎದುರು ಪೂರ್ತಿ ಟೈಲ್, ತುಂಡು ಮಂಚದ ಕೆಳಗೆ.

ನಾನೇ ಮೊದಲ ಸಲ ಹಾಕಿದ ಬಾತ್‌ರೂಮ್ ಬಗ್ಗೆ ಹೇಳಲೇಬೇಕು. ನೆಲ ನೋಡಲು ಚೆನ್ನಾಗಿ ಬಂದಿತ್ತು. ಸಂದು ಒಂದೇ ಸಮ. ಮೇಸ್ತ್ರಿ ಬಂದವರು ಏನೂ ಮಾತಾಡಲಿಲ್ಲ. ಒಂದು ಚೊಂಬು ನೀರು ತಂದು ಮೂಲೆಯಲ್ಲಿ ಸುರಿದರು. ನೀರು ಜಾಲರಿ ಕಡೆಗೆ ಹೋಗಬೇಕಲ್ವಾ? ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ನಿಧಾನಕ್ಕೆ ಬಾಗಿಲ ಕಡೆಗೆ ಹರಿಯಿತು. ಅಡಿಗೆ ಒಂದು ಸೂತದಷ್ಟು, ಅಂದರೆ ಇಂಚಿನ ಎಂಟನೇ ಒಂದು ಪಾಲು ಇಳಿಜಾರು ಬಿಡಬೇಕಿತ್ತು. ನಾನು ರಸಮಟ್ಟ ನೋಡಿ ನೋಡಿ ನೆಲವನ್ನು ಸಮ ಮಾಡಿಬಿಟ್ಟಿದ್ದೆ, ಬಾಗಿಲ ಹತ್ತಿರ ಇನ್ನಷ್ಟು ತಗ್ಗಿಸಿದ್ದೆ. ಆರು ಟೈಲ್ಸ್ ಕಿತ್ತು ಮತ್ತೆ ಹಾಕಿದೆ. ಎರಡು ಒಡೆದವು, ಅದರ ದುಡ್ಡು ನನ್ನ ಕೂಲಿಯಲ್ಲಿ ಹೋಯಿತು. ಅವತ್ತಿನಿಂದ ನನ್ನ ಚೀಲದಲ್ಲಿ ಒಂದು ಚೊಂಬು ಇರುತ್ತದೆ. ಮನೆಯವರಿಗೆ ತೋರಿಸುವ ಮೊದಲು ನಾನೇ ನೀರು ಸುರಿದು ನೋಡುತ್ತೇನೆ. ಆಮೇಲೆ ಒಂದು ನಾಣ್ಯ ಹಿಡಿದು ಪ್ರತಿ ಟೈಲ್‌ನ ನಾಲ್ಕು ಮೂಲೆ ತಟ್ಟುತ್ತೇನೆ. ಟೊಳ್ಳು ಸದ್ದು ಬಂದರೆ ಕೆಳಗೆ ಮಾಲು ತುಂಬಿಲ್ಲ ಅಂತ ಅರ್ಥ. ಅದನ್ನು ಹಸಿ ಇರುವಾಗಲೇ ಎತ್ತಬೇಕು.

ಸಾಮಾನು ಕೈಗೆ ಬರಲು ನನಗೆ ಎರಡೂವರೆ ತಿಂಗಳು ಹಿಡಿಯಿತು. ಮೊದಲು ಸಂದಿಗೆ ಗ್ರೌಟ್ ತುಂಬುವುದು, ಒರೆಸುವುದು. ಆಮೇಲೆ ಗೋಡೆಯಂಚಿನ ಸ್ಕರ್ಟಿಂಗ್. ಆಮೇಲೆ ನೆಲ. ಕೊನೆಗೆ ಕಟರ್ ಮಷೀನು. ಪೇಂಟಿಂಗ್‌ಗಿಂತ ತಡ, ಗಾರೆಗಿಂತ ಎಷ್ಟೋ ಬೇಗ.

ದೇಹಕ್ಕೆ ಏನಾಗುತ್ತದೆ ಅಂದರೆ, ಮೊಣಕಾಲು ಮತ್ತು ಸೊಂಟ. ದಿನವಿಡೀ ಕುಕ್ಕರಗಾಲು. ಮೊಣಕಾಲಿಗೆ ದಪ್ಪ ಪ್ಯಾಡ್ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಹಳೇ ಗೋಣಿಚೀಲ ಮಡಿಸಿ ಹಾಕಿಕೊಳ್ಳಿ. ಎರಡಡಿ ಟೈಲ್ಸ್‌ನ ಒಂದು ಡಬ್ಬಿ 25 ಕೆಜಿಗಿಂತ ಜಾಸ್ತಿ ತೂಗುತ್ತದೆ. ಒಬ್ಬರೇ ಎತ್ತಬೇಡಿ, ಡಬ್ಬಿ ಬಿಚ್ಚಿ ಎರಡೆರಡು ತೆಗೆದುಕೊಂಡು ಹೋಗಿ, ಯಾರೂ ಏನೂ ಅನ್ನುವುದಿಲ್ಲ. ಸಿಮೆಂಟ್ ಕೈ ತಿನ್ನುತ್ತದೆ, ಗ್ಲೌಸ್ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಟರ್ ಧೂಳು. ಟೈಲ್, ಗ್ರಾನೈಟ್ ಒಣದಾಗಿ ಕೊಯ್ದರೆ ಬರುವ ಬಿಳಿ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತರೆ ವಾಪಸ್ ಬರುವುದಿಲ್ಲ, ಸಿಲಿಕೋಸಿಸ್‌ಗೆ ಔಷಧ ಇಲ್ಲ. ನೀರು ಬಿಟ್ಟುಕೊಂಡೇ ಕೊಯ್ಯಬೇಕು. ವೇಲು, ಸೆರಗು, ಬಳೆ, ಬಿಟ್ಟ ಜಡೆ ಯಾವುದೂ ಮಷೀನಿನ ಹತ್ತಿರ ಬರಬಾರದು. ನಾನು ಚೂಡಿದಾರದ ಮೇಲೆ ತುಂಬುತೋಳಿನ ಅಂಗಿ ಹಾಕುತ್ತೇನೆ, ವೇಲು ಮನೆಯಲ್ಲೇ ಬಿಡುತ್ತೇನೆ.

ದುಡ್ಡಿನ ಮಾತು. ನಾನು ಈಗ ಸಾದಾ ಎರಡಡಿ ಟೈಲ್ಸ್‌ಗೆ ಚದರಡಿಗೆ 22 ರೂಪಾಯಿ ತೆಗೆದುಕೊಳ್ಳುತ್ತೇನೆ. ನಾನು, ನನ್ನ ಜೊತೆಗಾತಿ ಇಬ್ಬರೂ ಸೇರಿ ದಿನಕ್ಕೆ ನೂರು ಚದರಡಿ ಹಾಕಿದರೆ 2,200. ಬ್ಲೇಡು, ಗಾಡಿ ಖರ್ಚು ಕಳೆದು ಅರ್ಧರ್ಧ. ತಿಂಗಳಿಗೆ 18 ದಿನ ಕೆಲಸ ಸಿಕ್ಕರೆ ಒಳ್ಳೇ ತಿಂಗಳು, 8 ದಿನ ಸಿಕ್ಕ ತಿಂಗಳೂ ಇದೆ. ವರ್ಷದ ಲೆಕ್ಕದಲ್ಲಿ ಅಂಗಡಿ ಪಗಾರಕ್ಕಿಂತ ಎಷ್ಟೋ ಮೇಲೆ ಇದ್ದೇನೆ. ಆದರೆ ಒಂದನೇ ತಾರೀಕಿಗೆ ಸಂಬಳ ಬರುತ್ತದೆ ಅನ್ನುವ ಧೈರ್ಯ ಹೋಗಿದೆ, ಅದನ್ನು ಮುಚ್ಚಿಡುವುದಿಲ್ಲ.

ವೈರಿಂಗೋ ಪ್ಲಂಬಿಂಗೋ?

ಓದಿದವರು ಬಹಳ ಜನ ಈ ಎರಡರ ನಡುವೆ ತೂಗಾಡುತ್ತಾರೆ. ನಾನು ಇವೆರಡನ್ನೂ ಮಾಡಿದವಳಲ್ಲ. ಆದರೆ ಅದೇ ಮನೆಗಳಲ್ಲಿ ಪಕ್ಕದಲ್ಲೇ ಕೆಲಸ ಮಾಡಿದ್ದೇನೆ.

ವೈರಿಂಗ್‌ನಲ್ಲಿ ತೂಕ ಕಡಿಮೆ, ಲೆಕ್ಕ ಜಾಸ್ತಿ. ಲೈಟು ಫ್ಯಾನಿಗೆ ಒಂದೂವರೆ ಚದರ ಮಿಲಿಮೀಟರ್ ವೈರು, ಪವರ್ ಸಾಕೆಟ್‌ಗೆ ಎರಡೂವರೆ, ಗೀಸರ್‌ಗೆ ನಾಲ್ಕು. ಹಸಿರು ವೈರು ಅರ್ಥಿಂಗ್‌ಗೆ, ಕಪ್ಪು ನ್ಯೂಟ್ರಲ್‌ಗೆ. ಇಲ್ಲಿ ಕಾಗದಕ್ಕೆ ಬೆಲೆ ಇದೆ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಕರೆಂಟು ಕೊಡುವ ಬೆಸ್ಕಾಂ ಕಂಪನಿಗೆ ಸೇರಿದವು. ಹೊಸ ಮನೆಗೆ ಕರೆಂಟು ಕನೆಕ್ಷನ್ ಬೇಕಾದರೆ ಲೈಸೆನ್ಸ್ ಇರುವ ಗುತ್ತಿಗೆದಾರರೇ ವೈರಿಂಗ್ ಮುಗಿದ ವರದಿಗೆ ಸಹಿ ಹಾಕಬೇಕು. ಆ ಲೈಸೆನ್ಸ್, ಪರ್ಮಿಟ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಗಾರೆಯಲ್ಲಿ, ಪೇಂಟಿಂಗ್‌ನಲ್ಲಿ ಮೇಸ್ತ್ರಿ ಮನಸ್ಸು ಮಾಡಿದರೆ ಮಾತ್ರ ನೀವು ಮೇಲೆ ಬರುತ್ತೀರಿ. ಇಲ್ಲಿ ನಿಮ್ಮ ಹೆಸರಿನ ಒಂದು ಕಾಗದವೇ ನಿಮ್ಮನ್ನು ಎತ್ತುತ್ತದೆ. ಹತ್ತನೇ ತರಗತಿ ಪಾಸಾಗಿ, ವಯಸ್ಸು ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದರೆ ನಾನು ಕಣ್ಣು ಮುಚ್ಚಿಕೊಂಡು ಇದನ್ನೇ ಹೇಳುತ್ತೇನೆ. ಅಪಾಯ ಮಾತ್ರ ಬೇರೆ ಥರದ್ದು. ಟೈಲ್ಸ್‌ನಲ್ಲಿ ತಪ್ಪು ಮಾಡಿದರೆ ಕಿತ್ತು ಮತ್ತೆ ಹಾಕಬಹುದು. ಕರೆಂಟಿನಲ್ಲಿ ಎರಡನೇ ಅವಕಾಶ ಸಿಗದಿರಬಹುದು. ಟೆಸ್ಟರ್ ಇಡದೆ ಯಾವ ವೈರೂ ಮುಟ್ಟಬೇಡಿ, "ಆಫ್ ಮಾಡಿದ್ದೀನಿ" ಅಂತ ಯಾರು ಹೇಳಿದರೂ ಸರಿ.

ಪ್ಲಂಬಿಂಗ್‌ನ ಚಂದ ಬೇರೆ. ಹೊಸ ಮನೆ ಕೆಲಸ ನಿಂತರೂ ಸೋರುವ ನಲ್ಲಿ ನಿಲ್ಲುವುದಿಲ್ಲ. ಮಳೆಗಾಲ, ಆಷಾಢ, ಏನೇ ಇರಲಿ, ರಿಪೇರಿ ಕೆಲಸ ವರ್ಷವಿಡೀ ಇರುತ್ತದೆ. ಗಂಡ ಮಕ್ಕಳು ಹೊರಗೆ ಹೋದ ಮೇಲೆ ಒಬ್ಬರೇ ಇರುವ ಹೆಂಗಸರು ಬಾತ್‌ರೂಮ್ ರಿಪೇರಿಗೆ ಹೆಂಗಸೇ ಬಂದರೆ ಎಷ್ಟು ಖುಷಿ ಪಡುತ್ತಾರೆ ಅಂತ ನಾನು ನೋಡಿದ್ದೇನೆ. ಬಿಸಿನೀರಿಗೆ ಸಿಪಿವಿಸಿ ಪೈಪು, ತಣ್ಣೀರಿಗೆ ಯುಪಿವಿಸಿ, ಸಾಲ್ವೆಂಟ್ ಹಚ್ಚಿ ಕೂರಿಸುವುದು, ಗೋಡೆ ಮುಚ್ಚುವ ಮೊದಲು ನೀರು ತುಂಬಿಸಿ ಒತ್ತಡ ಹಾಕಿ ಸೋರಿಕೆ ನೋಡುವುದು, ಇದೆಲ್ಲ ಕೆಲವು ತಿಂಗಳಲ್ಲಿ ಕೈಗೆ ಬರುತ್ತದೆ. ಕೊಳಕು ಪೈಪಿಗೆ ಕೈ ಹಾಕಲು ಹೇಸಿಗೆ ಪಡುವವರಿಗೆ ಆಗುವುದಿಲ್ಲ. ರಾತ್ರಿ ಹತ್ತಕ್ಕೂ ಫೋನ್ ಬರುತ್ತದೆ. ಅದಕ್ಕೆ ಹೋಗಬೇಕೋ ಬೇಡವೋ ಅಂತ ಮೊದಲೇ ಮನೆಯಲ್ಲಿ ಮಾತಾಡಿಕೊಂಡಿರಿ.

ವೆಲ್ಡಿಂಗ್, ಮರಗೆಲಸ, ಮೋಲ್ಡಿಗೆ ಕಬ್ಬಿಣ ಕಟ್ಟುವ ಕೆಲಸದ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ವೆಲ್ಡಿಂಗ್ ಅಂಗಡಿಯ ಒಳಗೆ ನಡೆಯುವ ಕೆಲಸ. ನಿಮ್ಮದೇ ಮನೆಯವರದ್ದೋ ನೆಂಟರದ್ದೋ ವರ್ಕ್‌ಶಾಪ್ ಇದ್ದರೆ ಚೆನ್ನ. ಕಣ್ಣಿಗೆ ಕಪ್ಪು ಗಾಜಿನ ಮುಖವಾಡ ಇಲ್ಲದೆ ಒಂದು ನಿಮಿಷವೂ ನಿಲ್ಲಬೇಡಿ, ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿಯುತ್ತದೆ.

ಎಲ್ಲಿ ಕಲಿಯುವುದು?

ಐಟಿಐ, ಒಂದು ತಿಂಗಳ ಆಸುಪಾಸಿನ ತರಬೇತಿ, ಇಲ್ಲವೇ ಮೇಸ್ತ್ರಿ ಕೈಕೆಳಗೆ. ದಾರಿ ಈ ಮೂರು.

ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಎರಡು ವರ್ಷ, ಹತ್ತನೇ ತರಗತಿ ಆಗಿರಬೇಕು. ವೈರ್‌ಮನ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಗಾರೆ ಕೆಲಸಕ್ಕೂ ಒಂದು ವರ್ಷದ ಕೋರ್ಸ್ ಇದೆ. ನಲವತ್ತು ದಾಟಿದೆ ಅಂತ ಸೀಟು ಇಲ್ಲ ಅನ್ನುವಂತಿಲ್ಲ. ಆದರೆ ಎರಡು ವರ್ಷ ದುಡಿಮೆ ಇಲ್ಲದೆ ಮನೆ ನಡೆಯಬೇಕು. ಮಕ್ಕಳಿರುವ, ಬಾಡಿಗೆ ಮನೆಯಲ್ಲಿರುವ ಹೆಂಗಸಿಗೆ ಇದು ಸುಲಭ ಅಲ್ಲ.

ಹಳ್ಳಿ ಕಡೆಯವರಾದರೆ ಬ್ಯಾಂಕುಗಳು ಜಿಲ್ಲೆ ಜಿಲ್ಲೆಗೆ ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿ. ಇವಕ್ಕೆಲ್ಲ ಮಾದರಿ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್. ಅದರ ಶಾಖೆ ಚಿತ್ರದುರ್ಗದಲ್ಲೂ ಇದೆ. ಊಟ, ವಸತಿ, ತರಬೇತಿ ಎಲ್ಲ ಪುಕ್ಕಟೆ. ಹೆಂಗಸರು ಹೋದರೆ ಹೊಲಿಗೆ, ಬ್ಯೂಟಿ ಪಾರ್ಲರ್ ಕೋರ್ಸ್ ತೋರಿಸುತ್ತಾರೆ. "ಮನೆ ವೈರಿಂಗ್ ಬ್ಯಾಚ್ ಯಾವಾಗ?" ಅಂತ ನೀವೇ ಬಾಯಿ ಬಿಟ್ಟು ಕೇಳಬೇಕು. ಒಂದು ತಿಂಗಳಲ್ಲಿ ಕಸುಬು ಪೂರ್ತಿ ಬರುವುದಿಲ್ಲ, ಭಯ ಹೋಗುತ್ತದೆ. ಸಾಮಾನಿನ ಹೆಸರು ಗೊತ್ತಿದ್ದು ಹೋದವಳಿಗೆ ಮೇಸ್ತ್ರಿ ಬಾಂಡ್ಲಿ ಕೊಡುವ ಮೊದಲು ಒಂದು ಸಲ ಯೋಚನೆ ಮಾಡುತ್ತಾನೆ.

ಮೇಸ್ತ್ರಿ ಕೈಕೆಳಗೆ ಕಲಿಯುವುದು ನಾನು ಹಿಡಿದ ದಾರಿ. ಕಲಿಯುತ್ತಲೇ ಕೂಲಿ ಬರುತ್ತದೆ. ಆದರೆ ಮೇಸ್ತ್ರಿ ಯಾರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸೇರುವ ದಿನವೇ ಕೇಳಿ: "ಅಣ್ಣಾ, ನನಗೆ ಕೆಲಸ ಯಾವಾಗ ಕೊಡ್ತೀರಿ?" "ಆಯ್ತಮ್ಮ, ನೋಡೋಣ" ಅಂದರೆ ಬೇರೆಯವರನ್ನು ಹುಡುಕಿ. "ಒಂದು ತಿಂಗಳು ಗ್ರೌಟ್ ಮಾಡು, ಆಮೇಲೆ ಸ್ಕರ್ಟಿಂಗ್ ಕೊಡ್ತೀನಿ" ಅಂತ ಲೆಕ್ಕ ಹೇಳಿದರೆ ಅವರ ಜೊತೆ ಹೋಗಿ. ಆ ಸೈಟಿನಲ್ಲಿ ಇನ್ನೊಬ್ಬ ಹೆಂಗಸು ಇದ್ದಾಳಾ ಅಂತಲೂ ನೋಡಿ. ಒಬ್ಬರೇ ಇರುವ ಕಡೆ, ಅದೂ ಊರಾಚೆಯ ಲೇಔಟ್‌ನಲ್ಲಿ, ಮೊದಲ ತಿಂಗಳಲ್ಲೇ ಹೋಗಬೇಡಿ. ಸಾಧ್ಯವಾದರೆ ಗೆಳತಿಯ ಜೊತೆ ಸೇರಿ. ನಾವು ಇಬ್ಬರು ಇದ್ದದ್ದಕ್ಕೇ ಉಳಿದೆವು.

ಕಲಿಯುವ ತಿಂಗಳುಗಳಲ್ಲಿ ಮನೆ ಹೇಗೆ ನಡೆಯುತ್ತದೆ?

ನನ್ನ ಅತ್ತೆ ಮೊದಲು ಅಂದದ್ದು, "ಏನವ್ವಾ, ನೆಳ್ಳಾಗಿನ ಕೆಲಸ ಬಿಟ್ಟು ಸಿಮೆಂಟ್ ಮೆತ್ಕೊಳಾಕೆ ಹೋಗ್ತೀಯಾ?" ಅವರಿಗೆ ಸಿಟ್ಟಿಗಿಂತ ಭಯ ಜಾಸ್ತಿ ಇತ್ತು. ತಿಂಗಳ 9,000 ನಿಂತರೆ ಏನು ಗತಿ ಅಂತ. ಅದಕ್ಕೇ ಹೇಳುತ್ತೇನೆ, ಮೂರು ತಿಂಗಳ ರೇಷನ್ನು, ಬಾಡಿಗೆ ಕೈಯಲ್ಲಿಟ್ಟುಕೊಂಡು ಬನ್ನಿ. ಈಗ ಗೃಹಲಕ್ಷ್ಮಿಯ 2,000 ಬರುವವರಿಗೆ ಅದನ್ನು ಮುಟ್ಟದೆ ಕೂಡಿಡಲು ಇದೇ ಕಾರಣ ಆಗಲಿ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡು ಇಲ್ಲ, ಹಾಗಾಗಿ ಹರಿಹರದಿಂದ ದಾವಣಗೆರೆ ಸೈಟಿಗೆ ಬರುವುದು ದುಡ್ಡಿನ ಮಾತಾಗಿ ಉಳಿದಿಲ್ಲ. ಖಾಸಗಿ ಬಸ್ಸಿಗೆ ಇದು ನಡೆಯುವುದಿಲ್ಲ, ಸರ್ಕಾರಿ ಬಸ್ಸಿನ ಹೊತ್ತು ನೋಡಿಕೊಂಡು ಕೆಲಸ ಒಪ್ಪಿಕೊಳ್ಳಿ. ಸಂಘದ ಸಾಲ ತೆಗೆದು ಸಾಮಾನು ಕೊಳ್ಳಲು ಮಾತ್ರ ಅವಸರ ಪಡಬೇಡಿ. ಕಂತು ವಾರ ವಾರ ಬರುತ್ತದೆ, ಕೆಲಸ ವಾರ ವಾರ ಬರುವುದಿಲ್ಲ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಕು, ಯಾರ ಮನೆ, ಎಷ್ಟು ಚದರಡಿ, ಎಷ್ಟು ದುಡ್ಡು ಬಂತು. ಮೊದಲ ವರ್ಷ ಒಬ್ಬ ಗುತ್ತಿಗೆದಾರ ನನ್ನ ಹನ್ನೊಂದು ದಿನದ ಕೂಲಿ ಕೊಡಲಿಲ್ಲ. "ಏಳು ದಿನ ಅಲ್ವಾ?" ಅಂದ. ಬರೆದಿಟ್ಟುಕೊಂಡಿರಲಿಲ್ಲ, ಏಳಕ್ಕೇ ಒಪ್ಪಿದೆ. ಆಮೇಲೆ ಬರೆಯದೆ ಒಂದು ದಿನವೂ ಮಲಗಿಲ್ಲ. ಮುಗಿದ ಕೆಲಸದ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ, ಮುಂದಿನ ಕೆಲಸ ಹಿಡಿಯಲು ಅದೇ ಸಾಕ್ಷಿ.

ಆ ನೋಟ್‌ಬುಕ್ ಇನ್ನೊಂದಕ್ಕೂ ಬೇಕು. 1996ರ ಕಾನೂನಿನಿಂದ ಬಂದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು, ವಯಸ್ಸು 18ರಿಂದ 60ರೊಳಗೆ. ಕಟ್ಟಡದ ಖರ್ಚಿನ ಮೇಲೆ ನೂರಕ್ಕೆ ಒಂದು ರೂಪಾಯಿ ಸೆಸ್ ವಸೂಲು ಮಾಡಿ ಆ ಮಂಡಳಿ ನಡೆಯುತ್ತದೆ. ಅದು ನಮ್ಮದೇ ದುಡ್ಡು. ಮಕ್ಕಳ ಓದು, ಹೆರಿಗೆ, ಅಪಘಾತ, ಅರವತ್ತಾದ ಮೇಲೆ ಪಿಂಚಣಿ, ಇದೆಲ್ಲ ಆ ಕಾರ್ಡಿನ ಮೇಲೆ. ಪೇಂಟರ್, ಪ್ಲಂಬರ್, ಎಲೆಕ್ಟ್ರಿಷಿಯನ್, ಟೈಲ್ಸ್ ಹಾಕುವವರು ಎಲ್ಲರಿಗೂ ಸಿಗುತ್ತದೆ. ಕಾರ್ಡಿನಲ್ಲಿ "ಸಹಾಯಕಿ" ಅಂತ ಬರೆಸಬೇಡಿ, ನಿಮ್ಮ ಕಸುಬಿನ ಹೆಸರೇ ಬರೆಸಿ.

ಹಾಗಾದರೆ ಯಾರಿಗೆ ಯಾವುದು?

ಕೂಡಲೇ ದುಡ್ಡು ಬೇಕು, ಮಕ್ಕಳು ಸಣ್ಣವರು, ಓಣಿಯ ಆಸುಪಾಸಿನಲ್ಲೇ ಕೆಲಸ ಬೇಕು ಅನ್ನುವವರಿಗೆ ಪೇಂಟಿಂಗ್. ದಮ್ಮು, ಅಲರ್ಜಿ ಇದ್ದರೆ ಬೇಡ. ಕೈ ನಾಜೂಕು, ತಾಳ್ಮೆ ಇದೆ, ಹೊಲಿಗೆ ಗೊತ್ತಿದೆ, ಮೊಣಕಾಲು ಗಟ್ಟಿ ಇದೆ ಅನ್ನುವವರು ಟೈಲ್ಸ್‌ಗೆ ಬನ್ನಿ, ನಮ್ಮಲ್ಲಿ ಜನ ಬೇಕು. ಓದಿದ್ದೀರಿ, ಮನೆಯವರು ಎರಡು ವರ್ಷ ಕಾಯುತ್ತಾರೆ ಅಂದರೆ ವೈರಿಂಗ್. ಮೊಣಕಾಲು ನೋವಿದೆ, ವಯಸ್ಸು ನಲವತ್ತೈದು, ಆದರೆ ಓಣಿಯ ಎಲ್ಲ ಮನೆಯಲ್ಲೂ ನಿಮ್ಮನ್ನು ಬಲ್ಲರು ಅಂದರೆ ಪ್ಲಂಬಿಂಗ್ ರಿಪೇರಿ. ಆಗಲೇ ಬಾಂಡ್ಲಿ ಹೊರುತ್ತಿದ್ದೀರಾ? ಗಾರೆ ಬಿಡಬೇಡಿ.

ಇನ್ನು ಯಾವಾಗ ಶುರು ಮಾಡಬೇಕು ಅಂತ. ವೈಶಾಖ, ಶ್ರಾವಣ, ಕಾರ್ತಿಕದಲ್ಲಿ ಹೋಗಬೇಡಿ. ಗೃಹಪ್ರವೇಶದ ಮುಹೂರ್ತ ತಲೆ ಮೇಲೆ ಕೂತಿರುತ್ತದೆ, ಟೈಲ್ಸ್‌ನವರು ಪೇಂಟಿಂಗ್‌ನವರು ರಾತ್ರಿ ಲೈಟು ಹಾಕಿಕೊಂಡು ಕೆಲಸ ಮಾಡುತ್ತಿರುತ್ತಾರೆ. ಕಲಿಸುವ ಪುರುಸೊತ್ತು ಯಾವ ಮೇಸ್ತ್ರಿಗೂ ಇರುವುದಿಲ್ಲ, "ಇದನ್ನು ಎತ್ತು, ಅದನ್ನು ತಾ" ಅಷ್ಟೇ. ಆಷಾಢದಲ್ಲಿ ಹೋಗಿ. ಗೃಹಪ್ರವೇಶ ಇಲ್ಲ, ಅವಸರ ಇಲ್ಲ. ಹೊರಗೆ ಜಿನುಗು ಮಳೆ, ಒಳಗೆ ಒಂದು ರೂಮಿನ ನೆಲ ನಿಧಾನಕ್ಕೆ ಏಳುತ್ತಿರುತ್ತದೆ. ಮೇಸ್ತ್ರಿ ಚಹಾ ಕುಡಿಯಲು ಎದ್ದಾಗ ಕರಣೆ ಅಲ್ಲೇ ಬಿದ್ದಿರುತ್ತದೆ. ನನಗೆ ಮೊದಲ ಟೈಲ್ ಕೂರಿಸಲು ಬಿಟ್ಟದ್ದು ಅಂಥ ಒಂದು ಮಧ್ಯಾಹ್ನ. ಶ್ರಾವಣದ ಗೃಹಪ್ರವೇಶಗಳು ಶುರುವಾಗುವ ಹೊತ್ತಿಗೆ ನಾನು ಸ್ಕರ್ಟಿಂಗ್ ಒಬ್ಬಳೇ ಮುಗಿಸುತ್ತಿದ್ದೆ.